ಕಾವಲೂರಿನ ಕನ್ನಡಿ

ಕುಕ್ ಟೌನಿನ ನಮ್ಮ ಬೀದಿಯಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಅಳಿದು, ಅವುಗಳ ಸ್ಥಳದಲ್ಲಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿವೆ. ಅಂತಹುದೊಂದರ ತಾರಸಿಯ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಚಳಿಗಾಲದ ರಾತ್ರಿಗಳಲ್ಲಿ ದೂರದರ್ಶಕವೊಂದಕ್ಕೆ ಕ್ಯಾಮೆರಾ ತಗುಲಿಸಿಕೊಂಡು ಕುಳಿತಿರುತ್ತಾನೆ. ನಗರದ ದೀಪಗಳಿಂದ ಬಿಳಿಚಿಕೊಂಡಿರುವ ಈ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವ ತಾರೆಗಳು ಬೆರಳೆಣಿಕೆಯವು. ಆದರೂ ಅವನು ಗಂಟೆಗಟ್ಟಲೆ ಬೆಳಕನ್ನು ಹನಿಹನಿಯಾಗಿ ಕೂಡಿಟ್ಟು, ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನೂ, 25 ಲಕ್ಷ ಬೆಳಕಿನ ವರ್ಷಗಳ ಆಚೆಗಿರುವ ದೇವಯಾನಿ ಗೆಲಾಕ್ಸಿಯನ್ನೂ ಚಿತ್ರದಲ್ಲಿ ಮೂಡಿಸುತ್ತಾನೆ. ಅವನ ಬಳಿ ಇರುವುದು ಎಂಟು ಅಂಗುಲದ ಕನ್ನಡಿ. ಅವನು ಕನಸು ಕಾಣುವುದು ಹದಿನಾರು ಅಂಗುಲದ್ದನ್ನು. ದೊಡ್ಡ ದೂರದರ್ಶಕವಿಲ್ಲದವನು ಎಷ್ಟು ಶ್ರಮಪಟ್ಟರೇನು ಎಂದು ಒಂದು ರಾತ್ರಿ ಅವನು ಬೇಸರಪಟ್ಟುಕೊಂಡಾಗ ನನಗೆ ನೆನಪಾದುದು ವೈನು ಬಪ್ಪು ಅವರ ಬಾಳು. ಆ ಬಾಳಿನ ಕೊನೆಯ ಹಾಗೂ ಬಹುದೊಡ್ಡ ಕೆಲಸವು ನಡೆದುದು ನಮ್ಮ ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳಾಚೆಯ ಕೋರಮಂಗಲದಲ್ಲಿ.

ದೂರಾಕಾಶದ ಛಾಯಾಚಿತ್ರಣವು ಮೊದಲಿನಿಂದಲೂ ಹವ್ಯಾಸಿಗಳ ಕೈಯಲ್ಲಿ ಬೆಳೆದ ವಿದ್ಯೆ. ಮಹಾವ್ಯಾಧದ ನೀಹಾರಿಕೆಯನ್ನು 1880ರಲ್ಲಿ ಮೊಟ್ಟಮೊದಲು ಛಾಯಾಫಲಕದಲ್ಲಿ ಹಿಡಿದ ಹೆನ್ರಿ ಡ್ರೇಪರ್ ವೈದ್ಯವಿದ್ಯೆ ಕಲಿತವರು. ಮೂರು ವರ್ಷಗಳ ಅನಂತರ ಅದೇ ನೀಹಾರಿಕೆಯ ಚಿತ್ರದಲ್ಲಿ, ಕಣ್ಣಿಗೆ ಕಾಣದ ತಾರೆಗಳೂ ಫಲಕದಲ್ಲಿ ಮೂಡುತ್ತವೆಂಬುದನ್ನು ತೋರಿಸಿಕೊಟ್ಟ ಆಂಡ್ರೂ ಕಾಮನ್ ವೃತ್ತಿಯಿಂದ ಎಂಜಿನಿಯರು. ನಮ್ಮ ದೇಶದಲ್ಲಿ ಇಂತಹ ಹವ್ಯಾಸಕ್ಕೆ ಮನಸೋತವರಲ್ಲಿ ಹೈದರಾಬಾದಿನ ನವಾಬ್ ಜಾಫರ್ ಜಂಗ್ ಒಬ್ಬರು. ಅವರು 15 ಅಂಗುಲದ ಮಸೂರದ ದೂರದರ್ಶಕವನ್ನು ಹೊರನಾಡಿನಿಂದ ಕೊಂಡು ತರಿಸಿ, 1901ರಲ್ಲಿ ವೀಕ್ಷಣಾಲಯವೊಂದನ್ನು ಸ್ಥಾಪಿಸಿದರು. ನವಾಬರ ಮರಣಾನಂತರ ನಿಜಾಮರ ಸರ್ಕಾರವು ಅದನ್ನು ವಹಿಸಿಕೊಂಡಿತು. ಆಕಾಶವನ್ನೆಲ್ಲ ಛಾಯಾಚಿತ್ರಗಳ ಮೂಲಕ ಅಳೆಯಬೇಕೆಂದು ಹಲವು ದೇಶಗಳ ವೀಕ್ಷಣಾಲಯಗಳು ಕೂಡಿ ಕೈಗೊಂಡಿದ್ದ ಮಹಾಕಾರ್ಯದಲ್ಲಿ ನಿಜಾಮಿಯಾ ವೀಕ್ಷಣಾಲಯವೂ ತನ್ನ ಪಾಲನ್ನು ಹೊತ್ತು, ಗಾಜಿನ ಫಲಕಗಳ ಮೇಲೆ ಲಕ್ಷಾಂತರ ತಾರೆಗಳ ಸ್ಥಾನವನ್ನು ಗುರುತಿಸಿತು.

ಈ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದವರೊಬ್ಬರ ಏಕಮಾತ್ರ ಸಂತಾನವೇ ಮನಾಲಿ ಕಲ್ಲಾಟ್ ವೈನು ಬಪ್ಪು. ಮನೆತನವು ಕೇರಳದ ಕಡೆಯದು, ಹುಟ್ಟಿದುದು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ, ಬೆಳೆದುದು ಹೈದರಾಬಾದಿನಲ್ಲಿ. ನವಾಬರು ಹಣ ಕೊಟ್ಟು ಪಡೆದುದು ಈ ಬಾಲಕನಿಗೆ ತಂದೆಯ ನೌಕರಿಯ ನೆರಳಿನಲ್ಲಿ ತಾನಾಗಿಯೇ ಒದಗಿತು. ಕಾಂತಿಯು ಏರಿಳಿಯುವ ತಾರೆಗಳನ್ನು ರಾತ್ರಿಯಿಂದ ರಾತ್ರಿಗೆ ನೋಡಿ, ಅವುಗಳ ಹೊಳಪನ್ನು ನೆರೆಯ ತಾರೆಗಳೊಡನೆ ಹೋಲಿಸಿ ಬರೆದಿಡುವುದು ತಾಳ್ಮೆಯ ಕೆಲಸ. ಅದಕ್ಕೆ ದೊಡ್ಡ ಉಪಕರಣ ಬೇಕಿಲ್ಲ, ಬಿಡದೆ ನೋಡುವ ಕಣ್ಣು ಬೇಕು. ವಿದ್ಯಾರ್ಥಿಯಾಗಿದ್ದಾಗಲೇ ಬಪ್ಪು ಅವರು ಹವ್ಯಾಸಿಯಾಗಿ ಈ ವೀಕ್ಷಣೆಯಲ್ಲಿ ನುರಿತು, ಅದರ ಕುರಿತು ಲೇಖನಗಳನ್ನು ಪ್ರಕಟಿಸಿದರು.

ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಅವರು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹೋಗಿ ಕೆಲವೇ ತಿಂಗಳು ಕಳೆದಿದ್ದವು. ಜುಲೈ 2ರ ರಾತ್ರಿ ತೆಗೆದ ಛಾಯಾಫಲಕವನ್ನು ಪರೀಕ್ಷಿಸುತ್ತಿದ್ದಾಗ, ಅಲ್ಲಿರಬಾರದ ಮಸುಕು ವಸ್ತುವೊಂದು ಅವರ ಕಣ್ಣಿಗೆ ಬಿದ್ದಿತು. ಅದು ಹೊಸ ಧೂಮಕೇತು. ಪ್ರಾಧ್ಯಾಪಕ ಬಾರ್ಟ್ ಬೋಕ್, ಸಹಪಾಠಿ ಗಾರ್ಡನ್ ನ್ಯೂಕರ್ಕ್ ಇಬ್ಬರ ಹೆಸರುಗಳೊಡನೆ ಅದಕ್ಕೆ ಬಪ್ಪು-ಬೋಕ್-ನ್ಯೂಕರ್ಕ್ ಎಂಬ ನಾಮಕರಣವಾಯಿತು. ಅದು ಸೂರ್ಯನ ಬಳಿಗೆ ಮರಳಿ ಬರಲು ಸುಮಾರು 60,000 ವರ್ಷಗಳು ಬೇಕೆಂದು ಲೆಕ್ಕ ಹಾಕಲಾಯಿತು. ಇಪ್ಪತ್ತೆರಡು ತುಂಬದ ಆ ತರುಣನಿಗೆ ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಧೂಮಕೇತು ಪದಕವು ದೊರೆಯಿತು.

1952ರಲ್ಲಿ ಡಾಕ್ಟರೇಟ್ ಪಡೆದು ಅವರು ಕಾರ್ನೆಗಿ ಸಂಶೋಧನಾ ವೇತನದ ಮೇಲೆ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಜಗತ್ತಿನಲ್ಲಿ ಅಂದಿಗೆ ಎಲ್ಲಕ್ಕಿಂತ ದೊಡ್ಡದಾಗಿದ್ದ 200 ಅಂಗುಲದ ದೂರದರ್ಶಕವಿದ್ದುದು ಪಾಲೊಮಾರಿನಲ್ಲಿ. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ಕೂಡಿ ನಡೆಸಿದ ಸಂಶೋಧನೆಯು 1957ರಲ್ಲಿ ಪ್ರಕಟವಾಗಿ, ವಿಲ್ಸನ್-ಬಪ್ಪು ಪರಿಣಾಮವೆಂಬ ಹೆಸರಿನಿಂದ ಪಠ್ಯಗ್ರಂಥಗಳನ್ನು ಸೇರಿತು. ಅದರ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಸೂರ್ಯನಂತಹ ಹಾಗೂ ಅದಕ್ಕಿಂತ ತಂಪಾದ ತಾರೆಗಳ ಬೆಳಕನ್ನು ಪಟ್ಟಕದ ಮೂಲಕ ಬಣ್ಣಗಳಾಗಿ ಒಡೆದಾಗ ಕ್ಯಾಲ್ಸಿಯಂ ಧಾತುವಿನ ಒಂದು ಕಪ್ಪು ಗೆರೆಯ ನಡುವೆ ಕಿರಿದಾದ ಹೊಳಪಿನ ಗೆರೆ ತೋರುತ್ತದೆ. ಆ ಹೊಳಪಿನ ಗೆರೆ ಎಷ್ಟು ಅಗಲವೋ ತಾರೆಯ ನೈಜ ಪ್ರಕಾಶವು ಅಷ್ಟು ಹೆಚ್ಚು. ನೈಜ ಪ್ರಕಾಶವು ತಿಳಿದರೆ, ಕಾಣುವ ಪ್ರಕಾಶದೊಡನೆ ಹೋಲಿಸಿ ದೂರವನ್ನು ಅಳೆಯಬಹುದು. ಒಂದು ಗೆರೆಯ ಅಗಲದಿಂದ ತಾರೆಯ ದೂರವನ್ನು ತಿಳಿಯುವ ದಾರಿ ಹೀಗೆ ತೆರೆಯಿತು.

ಅಂತಹ ಉಪಕರಣಗಳ ನೆರೆಯಲ್ಲಿ ಉಳಿದುಬಿಟ್ಟಿದ್ದರೆ ಅವರ ಹೆಸರಿನಲ್ಲಿ ಇನ್ನೆಷ್ಟು ಶೋಧಗಳು ಸೇರುತ್ತಿದ್ದವೋ ಯಾರು ಬಲ್ಲರು? ಅವರು 1953ರಲ್ಲಿ ಭಾರತಕ್ಕೆ ಹಿಂದಿರುಗಿದರು. ಇಲ್ಲಿ ಅವರಿಗಾಗಿ ಯಾವ ದೊಡ್ಡ ದೂರದರ್ಶಕವೂ ಕಾದಿರಲಿಲ್ಲ. ಉತ್ತರ ಪ್ರದೇಶ ಸರ್ಕಾರವು ವಾರಾಣಸಿಯಲ್ಲಿ ಆರಂಭಿಸಿದ ವೀಕ್ಷಣಾಲಯದ ಹೊಣೆಯನ್ನು ಹೊತ್ತು, ಬಯಲಿನ ಧೂಳಿನಿಂದ ಅದನ್ನು ಬಿಡಿಸಿ ನೈನಿತಾಲದ ಬೆಟ್ಟಗಳಿಗೆ ಒಯ್ದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. 1899ರಿಂದ ನಡೆದು ಬಂದಿದ್ದ ಆ ಸಂಸ್ಥೆ ಸೂರ್ಯನ ಅಧ್ಯಯನಕ್ಕೆ ಹೆಸರಾಗಿದ್ದಿತು. ಆದರೆ ಇರುಳಿನ ತಾರೆಗಳ ಅಧ್ಯಯನಕ್ಕೆ ಅಲ್ಲಿನ ಮೋಡ ಮಂಜುಗಳು ಒಗ್ಗುವಂತಿರಲಿಲ್ಲ. ಬಪ್ಪು ಅವರು ಬೇರೆ ನೆಲವನ್ನು ಅರಸತೊಡಗಿದರು.

ಅರಸಿದ ನೆಲವು ದೊರೆತುದು ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನ ನಡುವೆ, ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್ ದೂರದ ಕಾವಲೂರಿನಲ್ಲಿ. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಕಾವಲು ಎಂಬ ಮಾತೇ ಕೇಳಿಸುತ್ತದೆ. ರಾತ್ರಿಯೆಲ್ಲ ಎಚ್ಚರವಾಗಿರಬೇಕಾದವರ ಊರಿಗೆ ಅದು ಸಲ್ಲುವ ಹೆಸರೇ ಸರಿ. ನಗರಗಳ ಬೆಳಕು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಭೂಮಧ್ಯರೇಖೆಗೆ ಸಮೀಪವಾದುದರಿಂದ ದಕ್ಷಿಣ ಗೋಲದ ತಾರೆಗಳೂ ಬಹುಮಟ್ಟಿಗೆ ಕಾಣಸಿಗುತ್ತಿದ್ದವು. ಅಲ್ಲಿ 1968ರಲ್ಲಿ ಕಣ್ದೆರೆದ ಮೊದಲ ದೂರದರ್ಶಕದ ಅಳತೆ ಕೇವಲ 38 ಸೆಂಟಿಮೀಟರ್. ಓದುಗರು ಇದನ್ನು ಗಮನಿಸಬೇಕು: ಅದು ಹದಿನೈದು ಅಂಗುಲ, ಎಂದರೆ ನನ್ನ ವಿದ್ಯಾರ್ಥಿಯ ಕನಸಿಗಿಂತಲೂ ಒಂದಂಗುಲ ಕಡಿಮೆ. ಅದನ್ನು ಹೊರನಾಡಿನಿಂದ ಕೊಂಡು ತರಲಿಲ್ಲ. ಕೊಡೈಕನಾಲಿನ ವೀಕ್ಷಣಾಲಯದ ಹಿತ್ತಲಿನಲ್ಲಿಯೇ ತಯಾರಿಸಿದರು.

1972ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಾರ್ಖಾನೆಯ 102 ಸೆಂಟಿಮೀಟರ್ ದೂರದರ್ಶಕವು ಅಲ್ಲಿಗೆ ಬಂದಿತು. ಅದೇ ವರ್ಷದ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ತಾರೆಯೊಂದನ್ನು ಮರೆಮಾಡಿದಾಗ, ಆ ಉಪಗ್ರಹಕ್ಕೆ ತೆಳುವಾದ ವಾಯುಮಂಡಲವಿರುವ ಸುಳಿವು ಕಾವಲೂರಿನಲ್ಲಿ ಸಿಕ್ಕಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ತಾರೆಯೊಂದರ ಮುಂದೆ ಹಾಯುವಾಗ, ತಾರೆಯು ಗ್ರಹದ ಅಂಚು ಮುಟ್ಟುವ ಮೊದಲೇ ಮಂಕಾದುದನ್ನು ಹಲವು ನೆಲೆಗಳಲ್ಲಿ ಕಂಡು, ಆ ಗ್ರಹಕ್ಕೆ ಬಳೆಗಳುಂಟೆಂದು ಜಗತ್ತು ಅರಿಯಿತು. ಆ ನೆಲೆಗಳಲ್ಲಿ ಕಾವಲೂರೂ ಒಂದು.

ಈ ನಡುವೆ 1971ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಎಂಬ ಖಭೌತವಿಜ್ಞಾನ ಸಂಸ್ಥೆ ಸ್ವಾಯತ್ತವಾಗಿ ರೂಪುಗೊಂಡು, ಅದರ ಕೇಂದ್ರವು ಬೆಂಗಳೂರಿಗೆ ಬಂದಿತು. ನಿರ್ದೇಶಕರಾದ ಬಪ್ಪು ಅವರ ಮನಸ್ಸಿನಲ್ಲಿ ಬಹುಕಾಲದಿಂದ ಬೇರೂರಿದ್ದ ಬಯಕೆ ಈಗ ಕೈಗೂಡುವ ಹಾಗೆ ತೋರಿತು. 234 ಸೆಂಟಿಮೀಟರ್ ಕನ್ನಡಿಯ ದೂರದರ್ಶಕವೊಂದು ಬೇಕು. ಅದರ ವಿನ್ಯಾಸವೂ ನಿರ್ಮಾಣವೂ ಈ ದೇಶದಲ್ಲಿಯೇ ಆಗಬೇಕು. ಗಾಜಿನ ಗಟ್ಟಿ ಮಾತ್ರ ಹೊರಗಿನಿಂದ ಬಂದಿತು. ಅದನ್ನು ಮಸೆದು ಕನ್ನಡಿಯಾಗಿಸುವ ಕೆಲಸ ಕೋರಮಂಗಲದ ಪ್ರಯೋಗಶಾಲೆಯಲ್ಲಿ ಮೊದಲಾಯಿತು. ಒರಟು ಪುಡಿಯಿಂದ ಆರಂಭಿಸಿ ನಯವಾದ ಪುಡಿಯವರೆಗೆ, ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದ ತಪ್ಪನ್ನೂ ಸಹಿಸದ ಕೆಲಸವದು. ಅವಸರಪಟ್ಟರೆ ವರ್ಷಗಳ ಶ್ರಮ ಕೆಟ್ಟೀತು. ಕನ್ನಡಿಗೆ ಬೀಳುವ ಬೆಳಕು ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಎಂಟು ಅಂಗುಲದ ಕನ್ನಡಿಗಿಂತ ಈ ಕನ್ನಡಿ 130 ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಕೂಡಿಸಬಲ್ಲುದು.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1982ರ ಆಗಸ್ಟ್ ತಿಂಗಳಿನಲ್ಲಿ ಒಕ್ಕೂಟದ ಮಹಾಧಿವೇಶನವು ಗ್ರೀಸ್ ದೇಶದ ಪಾಟ್ರಸ್ ನಗರದಲ್ಲಿ ಸೇರಿದಾಗ ಅಧ್ಯಕ್ಷರ ಪೀಠದಲ್ಲಿ ಅವರಿರಬೇಕಾಗಿದ್ದಿತು. ಆದರೆ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅವರು ಮ್ಯೂನಿಕ್ ನಗರದಲ್ಲಿದ್ದರು. ಅಧಿವೇಶನವು ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು ಅಲ್ಲಿಯೇ ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತು ದಿನಗಳು ಕಳೆದಿದ್ದವು. ಅವರ ದೂರದರ್ಶಕವು ಅಂದಿಗೆ ಪೂರ್ಣಗೊಂಡಿರಲಿಲ್ಲ.

ಅವರ ಶಿಷ್ಯರೂ ಸಹೋದ್ಯೋಗಿಗಳೂ ಕೈಬಿಡಲಿಲ್ಲ. ಕನ್ನಡಿ ಸಿದ್ಧವಾಗಿ ಕಾವಲೂರಿಗೆ ಹೋಯಿತು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟು ರಾಷ್ಟ್ರಕ್ಕೆ ಅರ್ಪಿಸಿದರು. 2596 ಸಂಖ್ಯೆಯ ಕ್ಷುದ್ರಗ್ರಹವೊಂದೂ ಅವರ ಹೆಸರನ್ನು ಹೊತ್ತು ಸೂರ್ಯನನ್ನು ಸುತ್ತುತ್ತಿದೆ. ಅವರು ನೈನಿತಾಲದಲ್ಲಿ ನೆಲೆಗೊಳಿಸಿದ ಸಂಸ್ಥೆಯ ವಾರಸುದಾರರು 2016ರಲ್ಲಿ ದೇವಸ್ಥಲದಲ್ಲಿ 3.6 ಮೀಟರ್ ಅಳತೆಯ ದೂರದರ್ಶಕವನ್ನು ಕಂಡರು.

ಒಬ್ಬ ಶ್ರೇಷ್ಠ ವೀಕ್ಷಕನು ತನ್ನ ಬಾಳಿನ ಉತ್ತಮ ವರ್ಷಗಳನ್ನು ನೆಲ ಹುಡುಕುವುದರಲ್ಲಿ, ಕಟ್ಟಡ ಕಟ್ಟುವುದರಲ್ಲಿ, ಕಡತಗಳ ನಡುವೆ ಕಳೆದುದು ನಷ್ಟವಲ್ಲವೇ ಎಂದು ಯಾರಾದರೂ ಕೇಳಿದರೆ, ಅದು ನಷ್ಟವೇ ಹೌದು ಎನ್ನಬೇಕಾಗುತ್ತದೆ. ಪಾಲೊಮಾರಿನ ರಾತ್ರಿಗಳನ್ನು ಬಿಟ್ಟು ಬಂದವರಿಗೆ ಆ ನಷ್ಟದ ಅರಿವಿಲ್ಲದಿರಲು ಸಾಧ್ಯವಿಲ್ಲ. ಆದರೆ ಅಂದು ಆ ನಷ್ಟವನ್ನು ಒಬ್ಬರು ಹೊರದೆ ಹೋಗಿದ್ದರೆ, ಅನಂತರದ ಎರಡು ಮೂರು ತಲೆಮಾರಿನ ತರುಣರು ಆಕಾಶವನ್ನು ನೋಡಲು ಪರದೇಶದ ಬಾಗಿಲನ್ನೇ ಕಾಯಬೇಕಾಗುತ್ತಿದ್ದಿತು. ಕಾವಲೂರಿನ ಆ ಕನ್ನಡಿಯಲ್ಲಿ ತಾರೆಯ ಬಿಂಬವನ್ನು ಕಾಣುವ ಭಾಗ್ಯ ಅದನ್ನು ಬಯಸಿದವರಿಗೆ ದೊರೆಯಲಿಲ್ಲ. ಹೆಸರೂ ತಿಳಿಯದ ಎಷ್ಟೋ ವಿದ್ಯಾರ್ಥಿಗಳಿಗೆ ದೊರೆಯಿತು.

ಇದನ್ನೆಲ್ಲ ನನ್ನ ವಿದ್ಯಾರ್ಥಿಗೆ ಹೇಳಿದೆನು. ಹದಿನಾರು ಅಂಗುಲದ ಆಸೆಯನ್ನು ಬಿಡು ಎಂದು ಮಾತ್ರ ಹೇಳಲಿಲ್ಲ. ಆಸೆ ತಪ್ಪಲ್ಲ; ಬಪ್ಪು ಅವರಿಗೂ ಅದಕ್ಕಿಂತ ದೊಡ್ಡ ಆಸೆಯಿದ್ದಿತು. ಅವನು ಸುಮ್ಮನೆ ಕೇಳಿಸಿಕೊಂಡು, ಬೆಂಗಳೂರು ಈಸ್ಟ್ ನಿಲ್ದಾಣದ ಕಡೆಯಿಂದ ಬಂದ ರೈಲಿನ ಸದ್ದು ಅಡಗುವವರೆಗೆ ಕಾದು, ತನ್ನ ಎಂಟು ಅಂಗುಲದ ಕನ್ನಡಿಯನ್ನು ಮತ್ತೆ ಮಹಾವ್ಯಾಧನ ಕಡೆಗೆ ತಿರುಗಿಸಿದನು.