ಆರ್ಥರ್ ಕಾಟನ್: ಡೆಲ್ಟಾದ ನೀರನ್ನು ಲೆಕ್ಕ ಹಾಕಿದವರು

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಪಕ್ಕ ಹರಿಯೋ ತುಂಗಭದ್ರಾ ಮುಂದೆ ಕೃಷ್ಣೆ ಸೇರುತ್ತೆ, ಕೃಷ್ಣೆ ವಿಜಯವಾಡ ದಾಟಿ ಡೆಲ್ಟಾ ಆಗುತ್ತೆ. ಅಂದ್ರೆ ಆ ಡೆಲ್ಟಾದ ನಾಳಿನ ನೀರು ನಮ್ಮ ಕಡೆಯಿಂದಲೂ ಹೋಗಬೇಕು. ಡೆಲ್ಟಾಗೆ ನೀರು ತಪ್ಪುವ ಅಪಾಯವನ್ನು ಮೊದಲೇ ಅಳೆದ ಎಂಜಿನಿಯರ್ ಸರ್ ಆರ್ಥರ್ ಕಾಟನ್. ಸಿವಿಲ್‌ನವರಿಗೆ ಹೆಸರು ಗೊತ್ತಿರುತ್ತೆ, ಉಳಿದ ಬ್ರಾಂಚ್‌ನವರಿಗೆ ಈ ಪರಿಚಯ.

ಕಾಟನ್ ಹುಟ್ಟಿದ್ದು 1803ರಲ್ಲಿ, ಇಂಗ್ಲೆಂಡಿನಲ್ಲಿ. 1821ರಲ್ಲಿ ಮದ್ರಾಸಿಗೆ ಬಂದಾಗ ನಮಗಿಂತ ಚಿಕ್ಕವರು. ಮೊದಲ ದೊಡ್ಡ ಸವಾಲು ಕಾವೇರಿ ಡೆಲ್ಟಾ. ತಿರುಚ್ಚಿ ಹತ್ತಿರ ಕವಲೊಡೆಯುವ ಕೊಳ್ಳಿಡಂ ಹೆಚ್ಚು ಇಳಿಜಾರಾಗಿದ್ದರಿಂದ ನೀರನ್ನೆಲ್ಲ ಎಳೆದುಕೊಳ್ತಿತ್ತು, ಕಾವೇರಿಯ ಬಾಯಲ್ಲಿ ಮರಳು ತುಂಬ್ತಿತ್ತು. ಹಾಗೇ ಬಿಟ್ಟಿದ್ರೆ ತಂಜಾವೂರಿನ ಗದ್ದೆಗಳು ಒಣಗುತ್ತಿದ್ದವು. ಮರಳಿನ ಮೇಲೂ ಕಟ್ಟೆ ನಿಲ್ಲುತ್ತೆ ಅನ್ನೋದನ್ನು ಹಳೆಯ ಕಲ್ಲಣೈ ನೋಡಿ ಕಲಿತ ಅವರು, 1836ರಲ್ಲಿ ಕೊಳ್ಳಿಡಂಗೆ ಅಡ್ಡಲಾಗಿ ಮೇಲಣೆ ಕಟ್ಟಿದರು. ಆಮೇಲೆ ಸಮಸ್ಯೆ ಉಲ್ಟಾ ಆಯ್ತು: ಕಾವೇರಿಗೆ ನೀರು ಜಾಸ್ತಿಯಾಗಿ ತಳ ಕೊರೆಯತೊಡಗಿತು. 1840ರ ದಶಕದಲ್ಲಿ ಕಾವೇರಿಗೂ ತಡೆ ಹಾಕಬೇಕಾಯ್ತು.

1833ರ ಬರದಲ್ಲಿ ಗುಂಟೂರು, ಗೋದಾವರಿ ಕಡೆ ಲೆಕ್ಕವಿಲ್ಲದಷ್ಟು ಜನ ಸತ್ತಿದ್ದರು. ಪಕ್ಕದಲ್ಲೇ ತುಂಬಿದ ನದಿ ಸಮುದ್ರಕ್ಕೆ ಹೋಗ್ತಿತ್ತು. ಕಾಟನ್ 1847ರಲ್ಲಿ ಧವಳೇಶ್ವರಂ ಆಣೆಕಟ್ಟು ಶುರುಮಾಡಿ 1852ಕ್ಕೆ ಮುಗಿಸಿದರು. ಗೋದಾವರಿ ಜನ ಇವತ್ತಿಗೂ ಅವರ ಪ್ರತಿಮೆಗೆ ಹಾರ ಹಾಕ್ತಾರೆ. 1855ಕ್ಕೆ ಕೃಷ್ಣಾ ಆಣೆಕಟ್ಟೂ ಮುಗೀತು.

ಎಲ್ಲ ಲೆಕ್ಕವೂ ಸರಿಯಾಗಲಿಲ್ಲ. ಅವರ ಯೋಜನೆಯಂತೆ ತುಂಗಭದ್ರೆಯಿಂದ ತೆಗೆದ ಕರ್ನೂಲು–ಕಡಪ ಕಾಲುವೆ ನಷ್ಟಕ್ಕೆ ಬಿತ್ತು. ನೀರಿತ್ತು, ಆದರೆ ಎರೆಮಣ್ಣಿನಲ್ಲಿ ಮಳೆ ನಂಬಿ ಒಣಬೇಸಾಯ ಮಾಡ್ತಿದ್ದ ರೈತರು ದುಡ್ಡು ಕೊಟ್ಟು ನೀರು ತಗೊಳ್ಳಲಿಲ್ಲ. ಹರಿವನ್ನು ಅಳೆದವರು ಜನರ ಅಭ್ಯಾಸ ಅಳೆಯೋದು ಮರೆತಿದ್ದರು ಅನ್ಸುತ್ತೆ.

ಕಾಟನ್ 1899ರಲ್ಲಿ ತೀರಿಕೊಂಡರು. ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಆಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಭತ್ತದ ರೈತರಿಂದ ಹಿಡಿದು ಕೆಳಗಿನ ಆಂಧ್ರದವರೆಗೂ ಎಲ್ಲರಿಗೂ ಭಯ ಹುಟ್ಟಿತ್ತು. ಕಾಟನ್ ಕಾವೇರಿಯಲ್ಲಿ ಮಾಡಿದ್ದೂ ಇದೇ: ಒಮ್ಮೆ ಕಟ್ಟಿ ಮರೆಯಲಿಲ್ಲ, ಮತ್ತೆ ಹೋಗಿ ನೋಡಿದರು. ಮುಂದೆ ಆ ಮತ್ತೆ ನೋಡೋ ಕೆಲಸ ನಮ್ಮದೇ.