ದಾರಕ್ಕೆ ಅಂಟಿದ ಕಣ

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದ ನಮಗೆ ಹತ್ತಿ, ನೂಲು, ಮಗ್ಗ ಹೊಸದಲ್ಲ. ಆದ್ರೆ ದಾರದ ಎಳೆಯೊಂದು ರಕ್ತದ ಗುಟ್ಟನ್ನೂ ಬಿಚ್ಚಿತ್ತು ಅನ್ನೋದು ಬಿಜ್ಜೊಜೆರೊನ ಕಥೆ ಓದಿದಾಗಲೇ ನಮಗೆ ತಿಳಿದದ್ದು.

ಜೂಲಿಯೊ ಬಿಜ್ಜೊಜೆರೊ 1846ರಲ್ಲಿ ಇಟಲಿಯ ವರೇಸೆಯಲ್ಲಿ ಹುಟ್ಟಿದ. 20ಕ್ಕೇ ವೈದ್ಯ ಪದವಿ. ಆಮೇಲೆ ಟ್ಯೂರಿನ್‌ನಲ್ಲಿ ಪ್ರೊಫೆಸರ್. ರಕ್ತದಲ್ಲಿ ಕಾಣ್ತಿದ್ದ ಸಣ್ಣ ಚೂರುಗಳನ್ನ ಹಲವರು ಕಸ ಅಂತ ಬಿಟ್ಟಿದ್ರು. ಈತ ಜೀವಂತ ಗಿನಿಪಿಗ್‌ನ ಸಣ್ಣ ರಕ್ತನಾಳದಲ್ಲೇ ಅವು ಹರಿಯೋದನ್ನ ನೋಡಿದ. ನಾಳಕ್ಕೆ ಗಾಯವಾದ್ರೆ ಮೊದಲು ಬಂದು ಅಂಟೋದು ಅವೇ. ರಕ್ತಕ್ಕೆ ದಾರ ತಾಗಿಸಿದ್ರೂ ಅಷ್ಟೇ, ಅಂಟಿದ್ವು! 1882ರಲ್ಲಿ ಇದು ರಕ್ತದ ಮೂರನೇ ಕಣ ಅಂತ ಪ್ರಕಟಿಸಿದ. ಅದೇ ಪ್ಲೇಟ್‌ಲೆಟ್. ಇವತ್ತು ಕೃತಕ ಕವಾಟ, ಸ್ಟೆಂಟ್‌ಗೆ ಬಳಸೋ ವಸ್ತುವಿನ ತುಂಡಿನ ಮೇಲೆ ರಕ್ತ ಹರಿಸಿ, ತೊಳೆದು, ಅಂಟಿ ಉಳಿದ ಕಣಗಳನ್ನ ಎಣಿಸ್ತಾರಲ್ಲ, ನೋಡ್ರಿ, ಅದರ ಬೇರು ಆ ದಾರದಲ್ಲೇ ಐತಿ. ಹೆಚ್ಚು ಅಂಟಿದ್ರೆ ಹೆಪ್ಪು. ಹೆಪ್ಪು ಕಿತ್ತು ಮೆದುಳಿಗೆ ಹೋದ್ರೆ ಲಕ್ವ.

ಮಜ್ಜೆಯ ದೊಡ್ಡ ಕೋಶಗಳನ್ನೂ ಆತ ಕಂಡಿದ್ದ. ಪ್ಲೇಟ್‌ಲೆಟ್ ಹುಟ್ಟೋದು ಅವುಗಳಿಂದಲೇ ಅಂತ ಮಾತ್ರ ಹೊಳೀಲಿಲ್ಲ. ಅದನ್ನ 1906ರಲ್ಲಿ ಅಮೆರಿಕದ ರೈಟ್ ಹೇಳಬೇಕಾಯ್ತು. ಕಡೆಗೆ ಕಣ್ಣು ಕೈಕೊಟ್ಟು, ಬಿಜ್ಜೊಜೆರೊ ಸೂಕ್ಷ್ಮದರ್ಶಕವನ್ನೇ ಬಿಟ್ಟ. ಸುಮ್ಮನೆ ಕೂರಲಿಲ್ಲ, ಸಾರ್ವಜನಿಕ ಆರೋಗ್ಯದ ಕೆಲಸಕ್ಕಿಳಿದ. 1901ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.