ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರೂ ರೋಗಿಗಳ ಶುಶ್ರೂಷೆಯೂ

ಇಂಗ್ಲೆಂಡ್ ದೇಶದ ಐಶ್ವರ್ಯವಂತ ಮನೆತನಕ್ಕೆ ಸೇರಿದ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು 1820ನೆಯ ಇಸವಿ ಮೇ ತಿಂಗಳ 12ನೆಯ ತಾರೀಖಿನಲ್ಲಿ ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದರು. ಆ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ತಂದೆಯು ತಾನೇ ಆಕೆಗೆ ಅನೇಕ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. 1837ರಲ್ಲಿ, 16 ವರುಷ ಪ್ರಾಯದಲ್ಲಿ, ದೇವರು ತಮ್ಮನ್ನು ತನ್ನ ಸೇವೆಗೆ ಕರೆದನೆಂದು ಅವರು ನಿಶ್ಚಯಿಸಿಕೊಂಡರು. ಆ ಸೇವೆಯು ಯಾವದೆಂದು ತಿಳಿಯುವದಕ್ಕೆ ಮಾತ್ರ ಬಹು ವರುಷಗಳು ಹಿಡಿದವು.

ಆ ಕಾಲದಲ್ಲಿ ಆಸ್ಪತ್ರೆಯ ದಾದಿಯ ಕೆಲಸವು ಹೀನವೆಂದೆಣಿಸಲ್ಪಡುತ್ತಿತ್ತು. ಆದಕಾರಣ ಮನೆಯವರು ಬಹು ದಿನ ಅಡ್ಡಿಮಾಡಿದರು. ಕಡೆಗೆ 1851ರಲ್ಲಿ ಅವರು ಜರ್ಮನಿ ದೇಶದ ಕೈಸರ್ಸ್‌ವೆರ್ತ್ ಎಂಬ ಊರಿಗೆ ಹೋಗಿ, ಫ್ಲೀಡ್ನರ್ ಎಂಬ ಸಭಾಪಾಲಕನು ಸ್ಥಾಪಿಸಿದ ಸೇವಕಿಯರ ಮಂದಿರದಲ್ಲಿ ಮೂರು ತಿಂಗಳು ರೋಗಿಗಳ ಶುಶ್ರೂಷೆಯನ್ನು ಕಲಿತರು.

1854ರಲ್ಲಿ ಇಂಗ್ಲಿಷರು ತುರ್ಕರ ಪಕ್ಷವನ್ನು ಹಿಡಿದು ರಷ್ಯದವರ ಮೇಲೆ ಯುದ್ಧಮಾಡುವದಕ್ಕೆ ಕ್ರಿಮಿಯಾ ಸೀಮೆಗೆ ದಂಡನ್ನು ಕಳುಹಿಸಿದರು. ಗಾಯಪಟ್ಟವರನ್ನೂ ರೋಗಿಗಳನ್ನೂ ಹಡಗಿನಲ್ಲಿ ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಎದುರಿಗಿರುವ ಸ್ಕುಟಾರಿಯ ಆಸ್ಪತ್ರೆಗೆ ತರುತ್ತಿದ್ದರು. ಅಲ್ಲಿಯ ದುರವಸ್ಥೆಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಲು, ಮಂತ್ರಿಯಾದ ಸಿಡ್ನಿ ಹರ್ಬರ್ಟನ ಕೇಳಿಕೆಯ ಮೇರೆಗೆ ಅಮ್ಮನವರು 38 ಮಂದಿ ಸ್ತ್ರೀಯರನ್ನು ಕೂಡಿಕೊಂಡು ನವೆಂಬರ್ 4ನೆಯ ತಾರೀಖಿನಲ್ಲಿ ಅಲ್ಲಿಗೆ ಸೇರಿದರು.

ಅಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಬಿದ್ದಿದ್ದರು; ಬಟ್ಟೆಗಳಲ್ಲಿ ಹೇನು ತುಂಬಿತ್ತು. ಗಾಯಗಳಿಗಿಂತ ಕಾಲರಾ, ರಕ್ತಭೇದಿ, ಟೈಫಸ್ ಜ್ವರ ಇವುಗಳಿಂದ ಸಾಯುವವರೇ ಹೆಚ್ಚು. ವೈದ್ಯರು ಮೊದಲು ಸ್ತ್ರೀಯರನ್ನು ರೋಗಿಗಳ ಬಳಿಗೆ ಬರಗೊಡಲಿಲ್ಲ. ಅಮ್ಮನವರು ಜಗಳವಾಡದೆ ಕಾದಿದ್ದರು. ಕೆಲವೇ ದಿನಗಳಲ್ಲಿ ರೋಗಿಗಳು ಗುಂಪುಗುಂಪಾಗಿ ಬರಲು ವೈದ್ಯರೇ ಅವರನ್ನು ಕರೆದರು. ಆಗ ಅವರು ನೆಲವನ್ನು ತಿಕ್ಕಿಸಿದರು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಇಡಿಸಿ, ಸಿಪಾಯಿಗಳ ಹೆಂಡತಿಯರಿಂದ ಬಟ್ಟೆಗಳನ್ನು ಒಗೆಯಿಸಿದರು. ಗಟ್ಟಿ ಆಹಾರವನ್ನು ತಿನ್ನಲಾರದವರಿಗೆ ಗಂಜಿಯನ್ನೂ ಸಾರನ್ನೂ ಮಾಡಿಸಿದರು. ರಾತ್ರಿಯಲ್ಲಿ ದೀಪವನ್ನು ಹಿಡಿದು ಸಾಲುಸಾಲಾಗಿ ಮಲಗಿದ್ದವರನ್ನು ನೋಡುತ್ತಾ ಹೋಗುತ್ತಿದ್ದರು.

ಇಷ್ಟು ಮಾಡಿದರೂ ಸಾವು ನಿಲ್ಲಲಿಲ್ಲ. 1855ನೆಯ ಫೆಬ್ರವರಿಯಲ್ಲಿ ಅಲ್ಲಿಯ ರೋಗಿಗಳಲ್ಲಿ ನೂರಕ್ಕೆ 42ರಷ್ಟು ಮಂದಿ ಸತ್ತರು. ಕಟ್ಟಡದ ಕೆಳಗೆ ಮಲದ ಕಾಲುವೆಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಮಾರ್ಚಿ ತಿಂಗಳಲ್ಲಿ ಸರಕಾರದವರು ಕಳುಹಿಸಿದ ಪರೀಕ್ಷಕರು ಬಂದು, ಕಾಲುವೆಗಳನ್ನು ಶುಚಿಮಾಡಿಸಿ, ನೀರಿನ ದಾರಿಯನ್ನು ಸರಿಪಡಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ತಿಂಗಳಲ್ಲಿ ಸಾವು ನೂರಕ್ಕೆ 2ರಷ್ಟಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಜನರೆಲ್ಲರು ಅವರನ್ನು ಕೊಂಡಾಡುತ್ತಿದ್ದರು. ಅವರಾದರೋ ಮೆರವಣಿಗೆಗಳನ್ನು ತಪ್ಪಿಸಿಕೊಂಡು, ವಿಲಿಯಂ ಫಾರ್ ಎಂಬ ಪಂಡಿತನ ಸಹಾಯದಿಂದ ಸತ್ತವರ ಲೆಕ್ಕಗಳನ್ನು ಶೋಧಿಸಿದರು. ತಾವು ಹಗಲಿರುಳು ದುಡಿದ ಆಸ್ಪತ್ರೆಯ ಹೊಲಸೇ ಅನೇಕರನ್ನು ಕೊಂದಿತೆಂದು ಆ ಲೆಕ್ಕಗಳು ತೋರಿಸಿದವು. ಇದನ್ನು ಮುಚ್ಚಿಟ್ಟಿದ್ದರೆ ಅವರ ಕೀರ್ತಿಗೆ ಕುಂದಿರಲಿಲ್ಲ. ಆದರೆ ಅವರು ಅದನ್ನು ಚಿತ್ರಗಳಾಗಿ ಬರೆದು ಅಧಿಕಾರಿಗಳ ಮುಂದಿಟ್ಟರು. ಕಾಲರಾ ಕೆಟ್ಟ ನೀರಿನಿಂದಲೂ ಟೈಫಸ್ ಹೇನಿನಿಂದಲೂ ಹರಡುತ್ತದೆಂಬದು ಅವರಿಗೆ ಆಗ ತಿಳಿದಿರಲಿಲ್ಲ, ಕೆಟ್ಟ ಗಾಳಿಯೇ ಕಾರಣವೆಂದು ಎಣಿಸಿದ್ದರು. ಆದರೂ ಶುಚಿತ್ವವೆಂಬ ಅವರ ಮದ್ದು ಸರಿಯಾಗಿಯೇ ಇತ್ತು.

ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗೋಸ್ಕರ ಅವರು 1859ರಲ್ಲಿ ಒಂದು ಸಣ್ಣ ಪುಸ್ತಕವನ್ನು ಬರೆದರು. ರೋಗಿಯ ಕೋಣೆಯಲ್ಲಿ ಗಾಳಿಯೂ ಬೆಳಕೂ ಇರಬೇಕು, ಆದರೆ ರೋಗಿಗೆ ಚಳಿಯಾಗಬಾರದು. ಮಲಪಾತ್ರೆಯನ್ನು ಮುಚ್ಚಳವಿಟ್ಟು ಹೊರಗೆ ಒಯ್ದು ಕೂಡಲೆ ತೊಳೆಯಬೇಕು. ಶುಶ್ರೂಷೆ ಮಾಡುವವಳು ದಿನದಲ್ಲಿ ಅನೇಕ ಸಾರಿ ಕೈ ತೊಳೆದುಕೊಳ್ಳಬೇಕು. ಬಲಹೀನನಿಗೆ ತಕ್ಕ ವೇಳೆಗೆ ಸ್ವಲ್ಪಸ್ವಲ್ಪವಾಗಿ ಆಹಾರ ಕೊಡಬೇಕು, ತಿನ್ನದೆ ಬಿಟ್ಟದ್ದನ್ನು ಹತ್ತಿರ ಇಡಬಾರದು. ಬಾಗಲಲ್ಲಿ ನಿಂತು ಪಿಸುಗುಟ್ಟಬಾರದು. ನಿದ್ರೆ, ಊಟ, ಭೇದಿ ಇವೆಲ್ಲವನ್ನು ಕಣ್ಣಾರೆ ಗಮನಿಸಿ ವೈದ್ಯನಿಗೆ ಇದ್ದದ್ದನ್ನೇ ತಿಳಿಸಬೇಕು. ಇಂಥ ಸಂಗತಿಗಳನ್ನೇ ಅದರಲ್ಲಿ ಕಾಣುತ್ತೇವೆ. 1860ರಲ್ಲಿ ಲಂಡನಿನ ಸಂತ ತೋಮನ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಪಾಠಶಾಲೆಯು 15 ಮಂದಿ ವಿದ್ಯಾರ್ಥಿನಿಯರೊಂದಿಗೆ ಆರಂಭವಾಯಿತು.

ಯುದ್ಧಕಾಲದಲ್ಲಿ ಹಿಡಿದ ಜ್ವರದ ತರುವಾಯ ಅಮ್ಮನವರು ಪೂರ್ಣ ಸ್ವಸ್ಥರಾಗಲಿಲ್ಲ. ಅನೇಕ ವರುಷ ಕೋಣೆಯಲ್ಲಿದ್ದುಕೊಂಡೇ ಬರೆದು ಕೆಲಸ ನಡಿಸಿದರು. ಹಿಂದೂದೇಶವನ್ನು ಒಮ್ಮೆಯಾದರೂ ಕಾಣದಿದ್ದರೂ, ಇಲ್ಲಿಯ ದಂಡುಗಳಲ್ಲಿಯೂ ಹಳ್ಳಿಗಳಲ್ಲಿಯೂ ಒಳ್ಳೆಯ ನೀರೂ ಚರಂಡಿಯೂ ಆಗಬೇಕೆಂದು ಅಧಿಕಾರಿಗಳಿಗೆ ಎಡೆಬಿಡದೆ ಬರೆದರು. 1910ನೆಯ ಆಗಸ್ಟ್ 13ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ನಿದ್ರೆಹೋದರು.

ಪ್ರಿಯ ವಾಚಕರೇ, ಜ್ವರದವನ ಬಳಿಯಲ್ಲಿ ರಾತ್ರಿಯೆಲ್ಲಾ ಕೂಡ್ರುವ ತಾಯಂದಿರೂ ಅಕ್ಕಂದಿರೂ ನಮ್ಮ ಮನೆಮನೆಗಳಲ್ಲಿ ಇದ್ದಾರೆ. ಅವರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆ ಪ್ರೀತಿಯು ಕೈಯನ್ನು ತೊಳೆದು, ಕಿಟಕಿಯನ್ನು ತೆರೆದು, ಬಾವಿಯ ಸುತ್ತಣ ಕೆಸರನ್ನು ತೆಗೆಯುವದಾದರೆ ರೋಗಿಯು ಏಳುವನೆಂಬ ನಿರೀಕ್ಷೆಯು ಹೆಚ್ಚುವದು.